ಕೆರೆಗಳಲ್ಲಿನ ಅಂತರಗಂಗೆ ಕಳೆಯ ನಿರ್ಮೂಲನೆ

ದಕ್ಷಿಣ ಅಮೆರಿಕ ಮೂಲದ, ನಸುನೇರಳೆ ಹೂವಿನ ಅಂತರಗಂಗೆಯು ರಾಜ್ಯದ ಅನೇಕ ಕೆರೆಗಳನ್ನು ಆವರಿಸಿರುತ್ತದೆ. ಇದರ ದಟ್ಟ ಹೊದಿಕೆಯಡಿ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಅನುಕೂಲಕರ ವಾತಾವರಣದಲ್ಲಿ ಸುಮಾರು ಎರಡು ವಾರಗಳಲ್ಲಿಯೇ ಇಮ್ಮಡಿಯಾಗುವುದರಿಂದ, ಅರ್ಧಕ್ಕೆ ನಿಲ್ಲಿಸಿದ ಕೆಲಸವು ವ್ಯರ್ಥವೆಂದೇ ತಿಳಿಯತಕ್ಕದ್ದು. ಬೀಜಗಳು ಕೆಸರಿನಲ್ಲಿ ಹಲವು ವರ್ಷ ಜೀವಂತವಾಗಿರುವ ಕಾರಣ, ಹೂಬಿಡುವ ಮುನ್ನವೇ ಬೇರುಸಹಿತ ಕಿತ್ತು, ಕೆರೆಯಂಚಿನಲ್ಲಿ ರಾಶಿ ಹಾಕದೆ, ಮಳೆನೀರು ಮರಳಿ ಕೆರೆಗೆ ಕೊಚ್ಚಿ ತರದಂತಹ ಸ್ಥಳಕ್ಕೆ ಸಾಗಿಸಬೇಕು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಈ ಕಳೆಯನ್ನು ತಿನ್ನುವ ಮೂತಿಹುಳುಗಳನ್ನೂ ಬಿಡಲಾಗಿತ್ತು. ಆ ವಿಧಾನಕ್ಕೆ ವರ್ಷಗಳೇ ಹಿಡಿಯುತ್ತವೆ. ಕೊಳಚೆ ನೀರಿನ ಒಳಹರಿವು ನಿಲ್ಲದ ಹೊರತು ಕಳೆಯು ಮರುಕಳಿಸುತ್ತದೆ. ಆದುದರಿಂದ ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ ಹಾಗೂ ಸರ್ವೆ ನಂಬರಿನೊಡನೆ ಕೊಳಚೆ ಸೇರುವ ಜಾಗವನ್ನೂ ನಮೂದಿಸುವುದು. ಗ್ರಾಮಾಂತರದಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳಿಗೆ ಸಾಮಾನ್ಯವಾಗಿ ಪಂಚಾಯತಿಗೂ, ಅದಕ್ಕೂ ದೊಡ್ಡವುಗಳಿಗೆ ಸಣ್ಣ ನೀರಾವರಿ ಇಲಾಖೆಗೂ ಅರ್ಜಿ ಸಲ್ಲಿಸತಕ್ಕದ್ದು.