ದಸರೆಯಲ್ಲಿ ನಗಿಸಿದವರ ಅನ್ನದ ದಾರಿ

ಮೈಸೂರು ದಸರೆಯ ವರದಿ ಬರೆಯುವಾಗ ನಾವು ಜಿಲ್ಲಾ ವರದಿಗಾರರು ಅರಮನೆ ವೇದಿಕೆಯ ಸಂಗೀತಕ್ಕೆ ಅರ್ಧ ಪುಟ ಕೊಡುತ್ತೇವೆ, ಹಾಸ್ಯಕ್ಕೆ ಎರಡು ಸಾಲು. ಇವೆರಡರ ಚರಿತ್ರೆಯೂ ಬೇರೆ, ಅನ್ನದ ದಾರಿಯೂ ಬೇರೆ.

ಸಂಗೀತಕ್ಕೆ ಆಸ್ಥಾನದ ಆಸರೆಯಿತ್ತು. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥವರನ್ನು ಪೋಷಿಸಿದ್ದು ಒಡೆಯರು. ದರ್ಬಾರಿನಲ್ಲಿ ಕೂತು ಕೇಳುತ್ತಿದ್ದವರು ಆಹ್ವಾನಿತರು. ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು ಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿದ ಮೇಲೆ ಊರವರಿಗೂ ಕಚೇರಿ ಕೇಳಲು ಒಂದು ಜಾಗವಾಯಿತು.

ಹಾಸ್ಯ ಬದುಕಿದ್ದು ಟಿಕೆಟ್ಟಿನ ಮೇಲೆ. 1884ರಲ್ಲಿ ಗುಬ್ಬಿಯಂಥ ಸಣ್ಣ ಊರಲ್ಲಿ ಹುಟ್ಟಿದ ನಾಟಕ ಕಂಪನಿಗೆ ಮುಂದೆ ವೀರಣ್ಣ ಮಾಲೀಕರಾದರು, ಹಾಸ್ಯಪಾತ್ರ ಮಾತ್ರ ಬಿಡಲಿಲ್ಲ. ದಸರೆಗೆ ಬಂದ ಹಳ್ಳಿಯವರಿಗೆ ಹಗಲು ವಸ್ತುಪ್ರದರ್ಶನ, ರಾತ್ರಿ ಕಂಪನಿ ನಾಟಕ. ನೆಲದ ಮೇಲೆ ಕೂತವನು ನಗದಿದ್ದರೆ ಮರುದಿನ ಗಲ್ಲಾಪೆಟ್ಟಿಗೆ ಖಾಲಿ.

ಮೈಸೂರಿನಲ್ಲೇ 1934ರಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯ ಬೆಳೆದದ್ದೂ ಇದೇ ಕಂಪನಿ ರಂಗಭೂಮಿಯಲ್ಲಿ. ‘ಲಂಚಾವತಾರ’ದಲ್ಲಿ ಅವರು ಅಧಿಕಾರದಲ್ಲಿದ್ದ ಯಾರನ್ನೂ ಬಿಡಲಿಲ್ಲ. ಬರೆದ ಮಾತಿನ ಜೊತೆಗೆ ಅಂದಂದಿನ ರಾಜಕೀಯವೂ ವೇದಿಕೆಯ ಮೇಲೇ ಸೇರಿಕೊಳ್ಳುತ್ತಿತ್ತು. ಸಂಬಳ ಕೊಡುವ ದೊರೆ ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು ಎಂಬುದು ನಮ್ಮ ಲೆಕ್ಕ.

1971ರಲ್ಲಿ ರಾಜಧನ ರದ್ದಾಯಿತು. ದಸರೆ ಸರ್ಕಾರ ನಡೆಸುವ ನಾಡಹಬ್ಬವಾಯಿತು. ಸಂಗೀತಕ್ಕೆ ಲಾಭವೇ, ಕೇಳುವವರು ಹೆಚ್ಚಿದರು. ಹಾಸ್ಯಕ್ಕೆ? ಸಂಭಾವನೆ ಕೊಡುವುದು ಸರ್ಕಾರ, ಮುಂದಿನ ಸಾಲಿನ ಸೋಫಾದಲ್ಲಿ ಕೂರುವವರು ಸಚಿವರು. ಇಂಥ ಹಾಸ್ಯಸಂಜೆಗಳಲ್ಲಿ ನಾವು ಬರೆದುಕೊಂಡು ಬರುವ ಜೋಕುಗಳು ಹೆಚ್ಚಾಗಿ ಗಂಡ-ಹೆಂಡತಿಯವು.