ಸಂಕಮ್ಮನ ಬಾಗಿಲ ಮುಂದಿನ ಹಾಡು

‘ಜನುಮದ ಜೋಡಿ’ ಚಿತ್ರ ಬಂದದ್ದು 1996ರಲ್ಲಿ. ಟಿ.ಎಸ್. ನಾಗಾಭರಣ ಅವರ ನಿರ್ದೇಶನ, ಶಿವರಾಜಕುಮಾರ್ ನಾಯಕ. ಕತೆಯ ಮೂಲ ಗುಜರಾತಿ, ಪನ್ನಾಲಾಲ್ ಪಟೇಲರ ‘ಮಳೇಲಾ ಜೀವ’ ಕಾದಂಬರಿ. ಕತೆ ಅಷ್ಟು ದೂರದಿಂದ ಬಂದರೂ ಅದರ ಒಂದು ಹಾಡು ಮಾತ್ರ ಅಪ್ಪಟ ನಮ್ಮ ಕೊಳ್ಳೇಗಾಲದ ಸೀಮೆಯದು. ‘ಕೋಲುಮಂಡೆ ಜಂಗಮದೇವರು’ ಎಂದರೆ ಸಾಕು, ನಿಮ್ಮ ಕಾಲು ತಾನಾಗಿ ತಾಳ ಹಾಕುತ್ತದೆ. ಸಂಗೀತ ವಿ. ಮನೋಹರ್ ಅವರದು. ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ಆ ವರ್ಷದ ರಾಜ್ಯ ಪ್ರಶಸ್ತಿ ಬಂತು. ಮುಂದಿನ ವರ್ಷವೆಲ್ಲ ನಮ್ಮೂರಿನ ಗಣಪತಿ ಪೆಂಡಾಲು, ಖಾಸಗಿ ಬಸ್ಸು, ಮದುವೆ ಛತ್ರ, ಎಲ್ಲಿ ಹೋದರೂ ಅದೇ ಕ್ಯಾಸೆಟ್ಟು.

ಆದರೆ ಹಾಡು ಹೊಸದಲ್ಲ. ಮಲೆ ಮಹದೇಶ್ವರನ, ನಮ್ಮ ಕಡೆಯವರ ಬಾಯಲ್ಲಿ ಮಾದಪ್ಪನ, ಮಹಾಕಾವ್ಯದ ಒಂದು ತುಣುಕಿನಿಂದ ಹುಟ್ಟಿದ್ದು. ಅದನ್ನು ಹಾಡುವವರು ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಇವೆರಡೂ ಸೇರಿ ಕಂಸಾಳೆ. ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳದವರು ಅದರ ಬಾಲ ಹಿಡಿದು ಎಳೆಯುತ್ತಾರೆ. ರಾತ್ರಿ ಶುರುವಾದರೆ ಬೆಳಗಾಗುತ್ತದೆ. ಒಂದೊಂದು ಕತೆಗೆ ಒಂದೊಂದು ‘ಸಾಲು’ ಎಂದು ಹೆಸರು. ನಮ್ಮ ಸಿನಿಮಾ ಹಾಡು ಬಂದದ್ದು ಸಂಕಮ್ಮನ ಸಾಲಿನಿಂದ.

ಯಾರು ಈ ಸಂಕಮ್ಮ? ಕುಣಿಯುವವರಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ. ಸೋಲಿಗರ ನೀಲೇಗೌಡನ ಹೆಂಡತಿ ಅವಳು. ಮಕ್ಕಳಿಲ್ಲ. ಗಂಡ ಜೇನಿಗೆ, ಬೇಟೆಗೆ ಕಾಡಿಗೆ ಹೊರಡಬೇಕು. ಹೊರಡುವ ಮುಂಚೆ ಅವನಿಗೊಂದು ಅನುಮಾನ: ನಾನಿಲ್ಲದಾಗ ಇವಳು ನೆಟ್ಟಗಿರುತ್ತಾಳೆಯೇ? ಬಲಗೈ ಮುಟ್ಟಿ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳು ತಪ್ಪು ಮಾಡುವವಳೆಂದು ಅಲ್ಲ. ಭಾಷೆ ಕೊಟ್ಟರೆ ಅನುಮಾನವನ್ನು ಒಪ್ಪಿಕೊಂಡ ಹಾಗೆ ಎಂದು. ಅವನು ಕೊಡಬಾರದ ಹಿಂಸೆ ಕೊಡುತ್ತಾನೆ, ಕಾಡಿನಲ್ಲಿ ಒಬ್ಬಳನ್ನೇ ಕಟ್ಟಿಹಾಕಿ ಹೋಗುತ್ತಾನೆ. ಆದರೂ ಅವಳ ಬಾಯಿಂದ ಭಾಷೆ ಹೊರಡುವುದಿಲ್ಲ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಬರುತ್ತಾನೆ. ಅವಳನ್ನು ಕಾಪಾಡಿ, ಇಬ್ಬರು ಗಂಡುಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂದು ಹೆಸರಿಟ್ಟದ್ದು ಆ ಮಕ್ಕಳಿಗೇ.

ವಾರ್ಷಿಕೋತ್ಸವಕ್ಕೆ ಈ ಹಾಡು ಕಲಿಸುವಾಗಲೆಲ್ಲ ನಾನು ಹುಡುಗಿಯರಿಗೆ ಮೊದಲು ಈ ಕತೆ ಹೇಳುತ್ತೇನೆ. ಕಂಸಾಳೆಗೆ ದುಡ್ಡಿಲ್ಲದ ಶಾಲೆ ನಮ್ಮದು, ಸ್ಟೀಲ್ ಡಬ್ಬಿಯ ಮುಚ್ಚಳಗಳೇ ತಾಳ. ಒಂದು ವರ್ಷ ಎಂಟನೇ ತರಗತಿಯವಳೊಬ್ಬಳು, “ಸುಮ್ನೆ ಭಾಷೆ ಕೊಟ್ಬಿಟ್ಟಿದ್ರೆ ಏನಾಗ್ತಿತ್ತು ಮಿಸ್?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು, “ಏನಾಗ್ತಿತ್ತು? ನಾಳೆ ಇನ್ನೊಂದು ಕೇಳ್ತಿದ್ದ” ಎಂದಳು. ಬಿ.ಎಡ್.ನಲ್ಲಿ ನನಗೆ ಇಷ್ಟು ಚೆನ್ನಾಗಿ ಪಾಠ ಮಾಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಿನಿಮಾದವರು ಈ ದೊಡ್ಡ ಕತೆಯಲ್ಲಿ ಆರಿಸಿಕೊಂಡದ್ದು ಒಂದೇ ಗಳಿಗೆ: ಜಂಗಮ ಕೋರಣ್ಯಕ್ಕೆ ಬಂದು ಬಾಗಿಲಲ್ಲಿ ನಿಂತದ್ದು. ರಾತ್ರಿಯಿಡೀ ಹಾಡುವುದನ್ನು ಕೆಲವೇ ನಿಮಿಷಗಳಿಗೆ ಇಳಿಸಬೇಕಾದರೆ ಇನ್ನೇನು ಮಾಡಬೇಕು ಹೇಳಿ. ಹಿಂಸೆಯನ್ನು ಕುಣಿತದ ಹಾಡು ಮಾಡಲಾಗುವುದಿಲ್ಲ. ಬಿಡುಗಡೆ ಬಾಗಿಲಿಗೆ ಬಂದ ಸಂತೋಷವನ್ನು ಮಾಡಬಹುದು. ಆಡುಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಲಿಲ್ಲ, ಸೊಲ್ಲು ಎತ್ತಿ ಹಿಂದಿನವರು ಎಳೆಯುವ ಕ್ರಮವನ್ನು ಬಿಡಲಿಲ್ಲ. ಸ್ಟುಡಿಯೋದ ವಾದ್ಯಗಳು ಎಷ್ಟೇ ಸೇರಲಿ, ನಡಿಗೆ ದೇವರಗುಡ್ಡರದೇ ಆಗಿ ಉಳಿಯಿತು. ನನ್ನ ಮಟ್ಟಿಗೆ ಇದು ಜಾಣತನದ ಕೆಲಸ. ಆದರೂ ಒಂದು ಮಾತು: ಭಾಷೆಯ ಪ್ರಸಂಗ ಹಾಡಿನಿಂದ ಹೊರಗೇ ಉಳಿದದ್ದರಿಂದ, ಸಂಕಮ್ಮ ಪಟ್ಟಣದವರಿಗೆ ಬರೀ ಭಿಕ್ಷೆ ಹಾಕುವ ಹೆಂಗಸಾಗಿಬಿಟ್ಟಳು.

ಪೂರ್ತಿ ಕತೆ ಬೇಕಾದವರಿಗೆ ದಾರಿಯೇನೂ ಇಲ್ಲವೆಂದಲ್ಲ. ಚಿತ್ರ ಬಂದ ಮರುವರ್ಷವೇ, 1997ರಲ್ಲಿ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಇಡೀ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ದಪ್ಪ ಪುಸ್ತಕ. ಮಧ್ಯಾಹ್ನ ಮಲಗಿಕೊಂಡು ಓದುವುದಕ್ಕೆ ಕೈ ನೋಯುತ್ತದೆ, ಮೇಜಿನ ಮೇಲಿಟ್ಟುಕೊಳ್ಳಿ.

2020ರ ಆಗಸ್ಟಿನಲ್ಲಿ ಇದೇ ಹಾಡು ಇನ್ನೊಂದು ಅವತಾರ ಎತ್ತಿತು. ಚಂದನ್ ಶೆಟ್ಟಿಯವರು ಹೊಸ ಕಾಲದ ತಾಳಕ್ಕೆ ಹೊಂದಿಸಿ ವೀಡಿಯೊ ಮಾಡಿದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಚಾಮರಾಜನಗರದ ಕಡೆಯ ಭಕ್ತರು, ಕಲಾವಿದರು ಸಿಟ್ಟಾದರು, ವೀಡಿಯೊವನ್ನು ತೆಗೆಯಬೇಕಾಯಿತು. ತಾಳ ಬದಲಾದದ್ದಕ್ಕೆ ನನಗೇನೂ ಬೇಸರವಿಲ್ಲ. 1996ರಲ್ಲೂ ಬದಲಾಗಿತ್ತು, ಆಗ ನಾವೆಲ್ಲ ಕುಣಿದೆವು. ಆದರೆ ಗಂಡನ ಅನುಮಾನವನ್ನು ಅಷ್ಟು ಗಟ್ಟಿಯಾಗಿ ಎದುರಿಸಿದವಳನ್ನು ಬರೀ ನೋಡುವ ವಸ್ತು ಮಾಡಿದರೆ ಅವಳನ್ನು ತಾಯಿ ಎಂದು ಕರೆಯುವವರಿಗೆ ನೋವಾಗದೆ ಇರುತ್ತದೆಯೇ?

ಶಾಸ್ತ್ರಿಯವರು 2017ರಲ್ಲಿ ತೀರಿಕೊಂಡರು. ಅವರ ದನಿ ಮಾತ್ರ ನಮ್ಮೂರಿನ ಛತ್ರಗಳಲ್ಲಿ ಮದುವೆಯ ಹಿಂದಿನ ರಾತ್ರಿ ಈಗಲೂ ಏಳುತ್ತದೆ. ಊಟ ಬಡಿಸುವವರೂ ಸೌಟು ಹಿಡಿದೇ ಎರಡು ಹೆಜ್ಜೆ ಹಾಕುತ್ತಾರೆ. ನಾನು ಗಮನಿಸಿದ ಹಾಗೆ, ಎಲ್ಲರಿಗಿಂತ ಜೋರಾಗಿ ಕುಣಿಯುವವರು ಗಂಡಿನ ಕಡೆಯವರು.