ಬುರುಡೆ ಕೊರೆದರು, ಒಳಗೇನೂ ಇಡಲಿಲ್ಲ

ಕಳೆದ ವಾರ ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. "ಸರ್, ನಮ್ಮಪ್ಪನಿಗೆ ಪಾರ್ಕಿನ್ಸನ್ಸ್. ಲೋಟ ಹಿಡಿದರೆ ಕಾಫಿಯೆಲ್ಲಾ ಅಂಗಿ ಮೇಲೆ. ತಲೆಯೊಳಗೆ ಹೊಸ ಜೀವಕೋಶ ಇಟ್ಟು ವಾಸಿ ಮಾಡ್ತಾರಂತೆ, ಹೌದಾ? ಜಮೀನು ಮಾರಿಯಾದರೂ ಮಾಡಿಸ್ತೀವಿ." ಹೌದು ಅನ್ನಲಿಕ್ಕೂ ಬಾಯಿ ಬರಲಿಲ್ಲ, ಇಲ್ಲ ಅನ್ನಲಿಕ್ಕೂ.

ನಾನು ಓದಿದ್ದು ಎಂಜಿನಿಯರಿಂಗ್. ಈ ಐಡಿಯಾ ನನ್ನಂಥವರಿಗೆ ಥಟ್ಟನೆ ಹಿಡಿಸುತ್ತೆ. ಮಿದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತವೆ, ಅದೇ ಪಾರ್ಕಿನ್ಸನ್ಸ್. ಪಾರ್ಟ್ ಕೆಟ್ಟಿದೆಯಾ, ಬೇರೆ ಹಾಕಿ! ಲೆವೊಡೋಪಾ ಔಷಧಿ 1960ರ ದಶಕದಲ್ಲೇ ಬಂತು. (ಅದೇ ವಸ್ತು ನಮ್ಮ ನಸುಗುನ್ನಿ ಬೀಜದಲ್ಲೂ ಇದೆ. ಹಾಗಂತ ಅಗಿಯಲು ಹೋಗಬೇಡಿ.) ಆದರೆ ವರ್ಷಗಳು ಕಳೆದಂತೆ ಔಷಧಿಯ ಹಿಡಿತ ತಪ್ಪುತ್ತೆ, ಎಷ್ಟೋ ಜನರಿಗೆ ಮೈಕೈ ತಾನಾಗಿ ಕುಣಿಯುತ್ತೆ.

1987ರಲ್ಲಿ ಮೆಕ್ಸಿಕೊದ ವೈದ್ಯ ಇಗ್ನಾಸಿಯೊ ಮದ್ರಾಸೊ, ರೋಗಿಯದೇ ಅಡ್ರಿನಲ್ ಗ್ರಂಥಿಯ ಚೂರನ್ನು ಮಿದುಳಿಗೆ ಕಸಿ ಮಾಡಿ, ಇಬ್ಬರು ಚೇತರಿಸಿಕೊಂಡರು ಅಂತ ಪ್ರಕಟಿಸಿದರು. ಜಗತ್ತಿನಲ್ಲಿ ನೂರಾರು ಆಪರೇಷನ್ ನಡೆದವು. ಫಲ ನಿಲ್ಲಲಿಲ್ಲ. ಅವತ್ತು ನಾನು ಸ್ಟುಡಿಯೋದಲ್ಲಿ ಇದ್ದಿದ್ದರೆ? ಸುಳ್ಳು ಯಾಕೆ ಹೇಳಲಿ, 'ಪವಾಡ' ಅಂತ ಸ್ಕ್ರೀನ್ ತುಂಬ ಹಾಕಿಸುತ್ತಿದ್ದೆ.

ಅದೇ ವರ್ಷ ಸ್ವೀಡನ್ನಿನ ಲುಂಡ್‌ನಲ್ಲಿ ಗರ್ಭಪಾತದ ಭ್ರೂಣಗಳಿಂದ ತೆಗೆದ ನರಕೋಶಗಳನ್ನು ಕಸಿ ಮಾಡಲು ಶುರುಮಾಡಿದರು. ಕೆಲವರಿಗೆ ನಿಜಕ್ಕೂ ವರ್ಷಗಟ್ಟಲೆ ಗುಣ ಕಂಡಿತು. ಆದರೆ ಅದು ಕೋಶದ ಗುಣವೋ, ನಂಬಿಕೆಯ ಗುಣವೋ?

ಅದನ್ನು ತಿಳಿಯಲು ಅಮೆರಿಕದಲ್ಲಿ 40 ರೋಗಿಗಳು ಮುಂದೆ ಬಂದರು. 20 ಜನರಿಗೆ ಕಸಿ. ಉಳಿದ 20 ಜನರಿಗೆ ಬುರುಡೆಗೆ ತೂತು ಕೊರೆದರು, ಒಳಗೇನೂ ಇಡಲಿಲ್ಲ. ಒಂದು ವರ್ಷ ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಹೀಗೆ ಮಾಡಬಹುದಾ ಅಂತ ದೊಡ್ಡ ಜಗಳವೇ ಆಯಿತು. ನನಗೂ ಮೊದಲು ಓದಿದಾಗ ಸಿಟ್ಟು ಬಂದಿತ್ತು. ಆದರೆ ಮೆಕ್ಸಿಕೊದ ನಂತರದ ಆ ನೂರಾರು ಆಪರೇಷನ್ನುಗಳನ್ನು ನೆನೆಸಿಕೊಂಡರೆ, ಈ 20 ಜನರ ಋಣ ದೊಡ್ಡದು ಅನಿಸುತ್ತೆ.

ಫಲಿತಾಂಶ 2001ರಲ್ಲಿ ಬಂತು. ರೋಗಿಗಳು ತಾವೇ ಕೊಟ್ಟ ಒಟ್ಟಾರೆ ಅಂಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 60ರೊಳಗಿನವರ ಚಲನೆ ಮಾತ್ರ ಸುಧಾರಿಸಿತ್ತು. ಕಸಿಯಾದವರಲ್ಲಿ ನೂರಕ್ಕೆ 15 ಜನರಿಗೆ ಔಷಧಿ ನಿಲ್ಲಿಸಿದರೂ ಮೈ ಕುಣಿಯುವುದು ನಿಲ್ಲಲಿಲ್ಲ. ಮಾತ್ರೆಯಾದರೆ ಕಡಿಮೆ ಮಾಡಬಹುದು. ತಲೆಯೊಳಗೆ ಬೇರುಬಿಟ್ಟ ಕೋಶಕ್ಕೆ ಸ್ವಿಚ್ ಎಲ್ಲಿದೆ? ಇನ್ನೊಂದು ವಿಚಿತ್ರ ಕೇಳಿ. ನನಗೆ ಕಸಿಯಾಗಿದೆ ಅಂತ ನಂಬಿದವರು, ಆಗಿರಲಿ ಬಿಡಲಿ, ಜೀವನ ಹಗುರಾಗಿದೆ ಅಂದಿದ್ದರು.

2008ರಲ್ಲಿ ಮತ್ತೊಂದು ಪೆಟ್ಟು. ಹತ್ತು ವರ್ಷಕ್ಕೂ ಹಿಂದೆ ಕಸಿಯಾಗಿದ್ದ ಕೆಲವರ ಮಿದುಳನ್ನು ಅವರು ತೀರಿಕೊಂಡ ಮೇಲೆ ನೋಡಿದರೆ, ಹೊಸ ಕೋಶಗಳಲ್ಲೂ ಅದೇ ರೋಗದ ಗುರುತು!

ಈಗ ಭ್ರೂಣದ ಬದಲು ಪ್ರಯೋಗಾಲಯದಲ್ಲಿ ಕಾಂಡಕೋಶದಿಂದ ನರಕೋಶ ಬೆಳೆಸುತ್ತಾರೆ. 2025ರಲ್ಲಿ ಜಪಾನಿನ ಕ್ಯೋಟೊದಿಂದ 7 ಜನರ, ಉತ್ತರ ಅಮೆರಿಕದಿಂದ 12 ಜನರ ವರದಿ ಬಂತು. ದೊಡ್ಡ ಅಪಾಯ ಕಾಣಲಿಲ್ಲ, ಕೆಲವರ ಚಲನೆ ಸುಧಾರಿಸಿದೆ. ಆದರೆ ಎರಡರಲ್ಲೂ ಹೋಲಿಸಿ ನೋಡಲು ಬರೀ ತೂತಿನ ಗುಂಪು ಇರಲಿಲ್ಲ. ಅಮೆರಿಕದ ಮುಂದಿನ ಪ್ರಯೋಗದಲ್ಲಿ ಇದೆ.

ಮರುದಿನ ನಾನೇ ಆ ವೀಕ್ಷಕರಿಗೆ ಫೋನ್ ಮಾಡಿದೆ. "ಜಮೀನು ಮಾರಬೇಡಿ ಅಣ್ಣಾ. ಇದು ಇನ್ನೂ ಪರೀಕ್ಷೆಯಲ್ಲಿದೆ. ಸರಿಯಾದ ಪ್ರಯೋಗದಲ್ಲಿ ರೋಗಿಯ ಹತ್ತಿರ ಆಪರೇಷನ್ನಿಗೆ ಲಕ್ಷ ಲಕ್ಷ ಕೇಳೋದಿಲ್ಲ. ಯಾರಾದರೂ ಕೇಳಿದರೆ ಅನುಮಾನ ಪಡಿ. ಅಪ್ಪನ್ನ ನರರೋಗದ ಡಾಕ್ಟರಿಗೆ ತೋರಿಸಿ, ಮಾತ್ರೆಯ ಹೊತ್ತು, ಪ್ರಮಾಣ ಸರಿ ಮಾಡಿಸಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೀವಲ್ಲ ಸರ್" ಅಂದರು.